ಮೂರನೆಯ ಜಾಡಿ

ಮೂರನೆಯ ಜಾಡಿಯ ಹತ್ತೂ ಮೀನುಗಳು ಬದುಕಿದ್ದವು, ಎಡವಟ್ಟಾದದ್ದೇ ಅಲ್ಲಿ. ಸಾಯಬೇಕಾದವು ಸತ್ತಿದ್ದರೆ ಮಾಯಿಲಪ್ಪ ಈ ಶುಕ್ರವಾರ ಬೆಳಿಗ್ಗೆ ಎಲ್ಲರ ಹಾಗೆ ರೊಟ್ಟಿ ತಿಂದು, ಎಲ್ಲರ ಹಾಗೆ ಒಂದು ಬೀಡಿ ಹಚ್ಚಿ ಮಾದಾಪುರದ ರಸ್ತೆ ಹಿಡಿಯುತ್ತಿದ್ದ. ಈಗ ಅಕ್ಕಿರೊಟ್ಟಿಯ ತುಂಡು ಬಾಯಲ್ಲಿ ಸುಮ್ಮನೆ ಸುತ್ತುತ್ತಿತ್ತು, ಗಂಟಲಿಗೆ ಇಳಿಯಲೊಲ್ಲದು. ಹೆಂಡತಿ ಸರೋಜ ಒಲೆಯ ಕಡೆಯಿಂದ ಮುಖ ತಿರುಗಿಸದೆಯೇ, “ಎಂತ ಆತ್ ನಿಮ್ಗೆ? ನಿನ್ನೆಂದ ಉಂಬೊದೂ ಇಲ್ಲೆ, ಮಾತೂ ಇಲ್ಲೆ,” ಎಂದಳು. “ಎಂತದೂ ಇಲ್ಲೆ,” ಎಂದ. “ಎಂತದೂ ಇಲ್ಲೆ ಅಂತ ಹೇಳ್ದವಂಗೇ ಎಲ್ಲ ಇರೊದು,” ಎಂದು ಅವಳು ಇನ್ನೊಂದು ರೊಟ್ಟಿ ತಂದು ತಟ್ಟೆಗೆ ಹಾಕಿದಳು. ಈ ಹೆಂಗಸಿಗೆ ಬೆನ್ನಲ್ಲೂ ಕಣ್ಣಿದೆ ಎಂದು ಅವನಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವಳ ಮೇಲಲ್ಲ ಎಂಬುದೂ ಗೊತ್ತಿತ್ತು. ಹೇಳಿಬಿಡಲೇ ಎಂದುಕೊಂಡ. ಏನೆಂದು ಹೇಳುವುದು? ಸರ್ಕಾರದ ಹತ್ತು ಮೀನುಮರಿಗೆ ನೀರು ಬಿಟ್ಟೆ, ಅದಕ್ಕೆ ರಾತ್ರಿಯೆಲ್ಲ ನಿದ್ದೆ ಇಲ್ಲ ಎಂದರೆ ಅವಳು ನಗುತ್ತಾಳೆ, ಇಲ್ಲವೇ ಹಣೆ ಮುಟ್ಟಿ ಜ್ವರ ನೋಡುತ್ತಾಳೆ. ಎರಡೂ ಬೇಡವಾಗಿ ಕೈತೊಳೆದು ಎದ್ದ.

ಹೇಳಹೊರಟರೆ ಅವನ ಉದ್ಯೋಗವೇ ನಗೆಪಾಟಲಿನದು. ಕೊಡಗು ಮೈಸೂರಿಗೆ ಸೇರಿ ಮೂರು ವರ್ಷವಾಗಿತ್ತು, ಸೇರಿದ್ದರ ಗುರುತಾಗಿ ಮಾದಾಪುರಕ್ಕೆ ಬಂದದ್ದು ಒಂದು ಹೊಸ ಬೋರ್ಡು ಮತ್ತು ಊರವರು ಮೀನಿನ ಆಫೀಸು ಎಂದು ಕರೆಯುವ ಎರಡು ಕೋಣೆ. ಅಲ್ಲಿ ಮಾಯಿಲಪ್ಪ ಸಹಾಯಕ, ಅದೂ ತಾತ್ಕಾಲಿಕ. ಆಫೀಸರು ಗೋಪಿನಾಥ ಮಡಿಕೇರಿಯ ಪೂಜಾರಿ ಭಟ್ಟರ ಮಗ, ಮೀನಿನ ವಿಷಯ ಓದಿ ಬಂದವರು. ಹುಟ್ಟಿದಂದಿನಿಂದ ಒಂದು ಮೀನನ್ನೂ ತಿಂದವರಲ್ಲ, ಕೈಯಲ್ಲಿ ಹಿಡಿದವರೂ ಅಲ್ಲ. ಆದರೆ ಮನುಷ್ಯ ಕೆಟ್ಟವನಲ್ಲ. ಕಾಫಿ ಗಿಡದ ಕಾಂಡ ಕೊರೆಯುವ ಹುಳಕ್ಕೆಂದು ಹೊಸ ಮದ್ದೊಂದು ಬಂದು, ಹೊಳೆಯ ಪಕ್ಕದ ಆರು ಎಸ್ಟೇಟುಗಳಲ್ಲಿ ಹೊಡೆಯುವುದೆಂದು ಗೊತ್ತಾದಾಗ, ಮೀನು ಎಷ್ಟು ತಾಳುತ್ತದೆ ಎಂದು ನೋಡದೆ ಹೊಡೆಯಕೂಡದು ಎಂದು ಪಟ್ಟು ಹಿಡಿದು ಒಂದು ವಾರ ತಡೆ ತಂದವರು ಅವರೇ. ಅಂಗಡಿಯಿಂದ ಪೆಪ್ಪರ್‌ಮೆಂಟಿನ ಏಳು ಗಾಜಿನ ಜಾಡಿ ತರಿಸಿದರು. ಒಂದೊಂದರಲ್ಲಿ ಹತ್ತು ಗೆಂಡೆ ಮೀನಿನ ಮರಿ. ಒಂದರಿಂದ ಆರರವರೆಗೆ ಮದ್ದು ಏರುತ್ತಾ ಹೋಗುತ್ತದೆ, ಏಳನೆಯದು ಬರೀ ನೀರು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಿಟ್ಟರೆ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಕೊನೆ, ನಡುವೆ ಯಾವ ಜಾಡಿಗೂ ಕೈ ಹಾಕುವಂತಿಲ್ಲ. ಗಾಜಿನ ಕಡ್ಡಿಯಲ್ಲಿ ಮುಟ್ಟಬೇಕು. ಅಲ್ಲಾಡಿದರೆ ಜೀವಂತ, ಅಲ್ಲಾಡದಿದ್ದರೆ ಸತ್ತಿತು ಎಂದು ಬರೆದು ತೆಗೆಯಬೇಕು. ಎಷ್ಟನೆಯ ಜಾಡಿಯವರೆಗೆ ಹತ್ತೂ ಉಳಿಯುತ್ತವೋ ಅಷ್ಟು ಮದ್ದು ಹೊಳೆಗೆ ಬಿದ್ದರೆ ದೋಷವಿಲ್ಲ ಎಂದು ವರದಿ. ವರದಿ ಹೋದ ಮೇಲೆ, ಬರುವ ಸೋಮವಾರ ಪಂಪುಗಳು ಶುರು. ಇಷ್ಟೇ ವಿಷಯ. ಎರಡರವರೆಗೆ ಉಳಿಯಬೇಕಾದದ್ದು ಮೂರರವರೆಗೆ ಉಳಿದಿತ್ತು, ಮತ್ತು ಉಳಿಸಿದವನು ಈಗ ರಸ್ತೆಯ ಕಲ್ಲನ್ನು ಚಪ್ಪಲಿಯಲ್ಲಿ ಒದೆಯುತ್ತಾ ನಡೆಯುತ್ತಿದ್ದ.

ಬುಧವಾರ ಸಂಜೆ ಆರು ಗಂಟೆಗೆ ಅವನು ಒಬ್ಬನೇ ಇದ್ದ, ಗೋಪಿನಾಥರು ಸೋಮವಾರಪೇಟೆಗೆ ಮೀಟಿಂಗಿಗೆ ಹೋಗಿದ್ದರು. ಐದು, ಆರನೆಯ ಜಾಡಿಗಳ ಕಥೆ ಮೊದಲ ದಿನವೇ ಮುಗಿದಿತ್ತು, ನಾಲ್ಕರಲ್ಲಿ ಆರು ಹೋಗಿದ್ದವು. ಮೂರರಲ್ಲಿ ನಾಲ್ಕು ಅಡ್ಡ ಬಿದ್ದಿದ್ದವು, ಕಡ್ಡಿ ಮುಟ್ಟಿಸಿದರೆ ಬಾಲ ಮಾತ್ರ ಒಂದಿಷ್ಟು ಆಡಿಸುತ್ತಿದ್ದವು. ಉಳಿದ ಆರು ಮೇಲೆ ಬಂದು, ನೀರಿನ ಅಂಚಿಗೆ ಬಾಯಿ ಇಟ್ಟು, ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಶಬ್ದವಿಲ್ಲ. ಅದೇ ಅಸಹ್ಯ. ಹಂದಿಯೋ ಕೋಳಿಯೋ ಆಗಿದ್ದರೆ ಕೂಗುತ್ತದೆ, ಕಿವಿ ಮುಚ್ಚಿಕೊಂಡರಾಯಿತು. ಇವು ನೀರೊಳಗೆ ಇದ್ದುಕೊಂಡೇ ನೀರಿಗೆ ಬಾಯಿಬಿಡುತ್ತಿದ್ದವು. ಅವನು ಪುಸ್ತಕದಲ್ಲಿ ಬರೆದ: ಆರು ಗಂಟೆ, ಮೂರನೆಯ ಜಾಡಿ, ಹತ್ತು ಜೀವಂತ. ಸುಳ್ಳಲ್ಲ. ಕಡ್ಡಿ ಕೆಳಗಿಟ್ಟು ಕಿಟಕಿಯ ಹತ್ತಿರ ಹೋದ, ವಾಪಸು ಬಂದ. ಮೂರು ತಿಂಗಳ ಹಿಂದೆ ಆಸ್ಪತ್ರೆಯಲ್ಲಿ ಅಪ್ಪನೂ ಹೀಗೇ, ತುಟಿ ಒಣಗಿ ಬಿಳಿಯ ಸಿಪ್ಪೆ ಎದ್ದಿತ್ತು, ಶಬ್ದ ನಿಂತು ಎಷ್ಟೋ ಹೊತ್ತಾಗಿತ್ತು, ಮೊದಮೊದಲು “ನೀರ್, ಮಾಯಿಲ, ಒಂದ್ ಚೂರ್ ನೀರ್” ಎನ್ನುತ್ತಿದ್ದವನು ಆಮೇಲೆ ಬರೀ ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಹೊಟ್ಟೆ ಕೊಯ್ದು ಹೊಲಿದಿದ್ದರು. ಒಂದು ತೊಟ್ಟು ಬಾಯಿಗೆ ಬಿದ್ದರೂ ಹೊಲಿಗೆ ಕೆಡುತ್ತದೆ, ಆಮೇಲೆ ನಮ್ಮನ್ನು ಕೇಳಬೇಡಿ ಎಂದು ನರ್ಸು ಹೇಳಿ ಹೋಗಿದ್ದಳು. ಮಾಯಿಲಪ್ಪ ಸ್ಟೂಲಿನ ಮೇಲೆ ಕೂತಿದ್ದ. ಕೋಟಿನ ಜೇಬಿನಲ್ಲಿ ತಲಕಾವೇರಿಯ ತೀರ್ಥದ ಸಣ್ಣ ಸೀಸೆ ಇತ್ತು. ಯಾವ ಮನೆಯಲ್ಲಿ ಇಲ್ಲ ಅದು, ಸಂಕ್ರಮಣಕ್ಕೆ ತಂದು ಇಟ್ಟುಕೊಳ್ಳುವುದೇ ಈ ಒಂದು ಗಳಿಗೆಗೆ. ಜೇಬಿನೊಳಗೆ ಕೈಯಿಟ್ಟು ಸೀಸೆ ಹಿಡಿದುಕೊಂಡೇ ಮಧ್ಯಾಹ್ನದಿಂದ ಸಂಜೆಯವರೆಗೆ ಕೂತಿದ್ದ. ತೆಗೆದರೆ ತೀರ್ಥ ಬಿಟ್ಟಂತೆ, ಬಿಟ್ಟರೆ ಅಪ್ಪ ಸಾಯುತ್ತಾನೆಂದು ಒಪ್ಪಿಕೊಂಡಂತೆ. ಜೊತೆಗೆ ಬಿಳಿ ಬಟ್ಟೆಯವರು ಬೇಡ ಎಂದಿದ್ದಾರೆ. ಬಿಳಿ ಬಟ್ಟೆಯವರ ಮಾತು ಮೀರಿ ಅವನಿಗೆ ಅಭ್ಯಾಸವಿರಲಿಲ್ಲ. ಒಂದು ಹೊತ್ತಿಗೆ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಅತ್ತೆ ವನಜಮ್ಮ, ಅಪ್ಪನ ತಂಗಿ, ಏದುಸಿರು ಬಿಡುತ್ತಾ ಬಂದು ಕೇಳಿದ್ದು ಒಂದೇ ಮಾತು: “ತೀರ್ಥ ಬುಟ್ಟ್ಯಾ ಮಗ?” “ಬುಟ್ಟೆ ಅತ್ತೆ.” ಎಷ್ಟು ಸಲೀಸಾಗಿ ಬಂದಿತ್ತು ಆ ಸುಳ್ಳು! ಆಮೇಲೆ ಅವಳು ಬಂದವರಿಗೆಲ್ಲ, ನನ್ನ ಅಣ್ಣ ಮೊಣ್ಣಪ್ಪ ಮಗನ ಕೈಯಿಂದ ತೀರ್ಥ ಕುಡಿದೇ ಹೋದ ಎಂದು ಹೇಳಿದಳು, ಹೇಳಿದಾಗಲೆಲ್ಲ ಅವನು ತಲೆ ತಗ್ಗಿಸಿದ, ಜನ ಅದನ್ನು ದುಃಖವೆಂದುಕೊಂಡರು.

ಕೋಟು ಅದೇ, ಸೀಸೆ ಜೇಬಿನಲ್ಲೇ ಇತ್ತು. ಬುಧವಾರ ಸಂಜೆ ಅದರ ಬಿರಡೆ ತೆಗೆದು ಮೂರನೆಯ ಜಾಡಿಗೆ ಸುರಿಯುವಾಗ ಅವನು ಯೋಚನೆ ಮಾಡಿರಲಿಲ್ಲ, ಮಾಡಿದ್ದರೆ ಸುರಿಯುತ್ತಿರಲಿಲ್ಲ. ಸಾಯುವ ಬಾಯಿಗೆ ನೀರು ಬಿಡಬೇಕು, ಬಿಟ್ಟ. ಅಷ್ಟು ದೊಡ್ಡ ಜಾಡಿಗೆ ಎರಡು ಚಮಚ ತೀರ್ಥದಿಂದ ಏನಾಗಬೇಕು? ಏನೂ ಆಗಲಿಲ್ಲ. ಬಾಯಿಗಳು ತೆರೆಯುತ್ತಲೇ ಇದ್ದವು. ಆಗ ಅವನಿಗೆ ಅಳು ಬಂತು, ಅಳುವಿನ ಹಿಂದೆಯೇ ಒಂದು ಥರದ ರೊಚ್ಚು. ಜಾಡಿಯ ಬಾಯಿಗೆ ಬಟ್ಟೆ ಹಿಡಿದು ಬಗ್ಗಿಸಿ ಮುಕ್ಕಾಲು ನೀರು ಚೆಲ್ಲಿದ, ಹಿಂದಿನ ಬಾವಿಯಿಂದ ಸೇದಿ ತಂದು ತುಂಬಿದ, ಮತ್ತೆ ಚೆಲ್ಲಿದ, ಮತ್ತೆ ತುಂಬಿದ. ನೆಲ ಒರೆಸಿ ಬೀಗ ಹಾಕಿ ಮನೆಗೆ ಹೋದಾಗ ಮೂರು ತಿಂಗಳಲ್ಲಿ ಮೊದಲ ಬಾರಿಗೆ ಎದೆ ಹಗುರಾಗಿತ್ತು. ಗುರುವಾರ ಬೆಳಿಗ್ಗೆ ಹತ್ತೂ ಈಜಾಡುತ್ತಿದ್ದುದನ್ನು ನೋಡಿ, ಅಬ್ಬಾ, ಮಕ್ಕಳ ಹಾಗೆ ಕುಣಿಯಬೇಕೆನಿಸಿತು. ಅದು ಎಷ್ಟು ಹೊತ್ತು? ಹಿಂದೆಯೇ ಬಂದ ಗೋಪಿನಾಥರು ಬಗ್ಗಿ ನೋಡಿ, “ಓಹೋ, ಮೂರು ತಡಕೊಳ್ತಾ ಇದೆಯಲ್ಲ!” ಎನ್ನುವವರೆಗೆ.

ಶುಕ್ರವಾರ ಹತ್ತು ಗಂಟೆಗೆ ಕೊನೆಯ ಎಣಿಕೆ. ಗೋಪಿನಾಥರು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು. “ಹತ್ತಕ್ಕೆ ಹತ್ತು! ನಾನು ಎರಡರಲ್ಲೇ ನಿಲ್ಲುತ್ತೆ ಅಂತಿದ್ದೆ. ಎಸ್ಟೇಟಿನವರಿಗೂ ಸಮಾಧಾನ, ಹೊಳೆಗೂ ತೊಂದರೆ ಇಲ್ಲ. ಮಾಯಿಲಪ್ಪ, ಪುಸ್ತಕ ಎಷ್ಟು ಚೆನ್ನಾಗಿ ಬರೆದಿದ್ದೀರಿ, ಒಂದು ಗಂಟೆ ತಪ್ಪಿಲ್ಲ. ನಿಮ್ಮನ್ನು ಖಾಯಂ ಮಾಡಿ ಅಂತ ಇದರ ಜೊತೆಗೇ ಬರೀತೇನೆ,” ಎಂದರು. ಎಲಾ ಇದರ! ಒಂದು ವರ್ಷದಿಂದ ಕಾದಿದ್ದ ಮಾತು ಇಂಥ ದಿನ ನೋಡಿ ಬರಬೇಕೆ? “ಸಾರ್,” ಎಂದ. “ಹೇಳಿ.” “ಏನಿಲ್ಲ ಸಾರ್.” ಉಗುಳಲೂ ಆಗದ ನುಂಗಲೂ ಆಗದ ಬಿಸಿ ತುಪ್ಪ. ಹೇಳಿದರೆ ಖಾಯಂ ಹಾಗಿರಲಿ, ಇರುವ ತಾತ್ಕಾಲಿಕವೂ ಹೋಗುತ್ತದೆ. ಅಷ್ಟೇ ಆಗಿದ್ದರೆ ಹೇಳಿಬಿಡಬಹುದಿತ್ತು ಎಂದು ತನಗೇ ಹೇಳಿಕೊಂಡ, ಅದು ಪೂರ್ತಿ ನಿಜವಲ್ಲವೆಂದೂ ಗೊತ್ತಿತ್ತು. ಹೇಳಿದರೆ ಮತ್ತೆ ಏಳು ಜಾಡಿ, ಮತ್ತೆ ಎಪ್ಪತ್ತು ಮೀನು, ಮತ್ತೆ ಆ ಬಾಯಿಗಳು. ಹೇಳದಿದ್ದರೆ ಸೋಮವಾರದಿಂದ ಇಡೀ ಹೊಳೆ.

“ಇನ್ನೊಂದು,” ಎಂದರು ಗೋಪಿನಾಥರು ಬರೆಯುತ್ತಲೇ, “ಬದುಕಿದವನ್ನೂ ಸ್ಪಿರಿಟ್ಟಿಗೆ ಹಾಕಿಬಿಡಿ. ಮದ್ದು ಕುಡಿದವು, ಹೊಳೆಗೆ ಬಿಡುವ ಹಾಗಿಲ್ಲ.” ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಮೂರನೆಯದನ್ನೂ? ಮೂರನೆಯದನ್ನೂ. ನಿಯಮ ಪುಸ್ತಕದಲ್ಲೇ ಇತ್ತು, ಅವನೇ ನಕಲು ಮಾಡಿದ್ದ. ಬುಧವಾರ ಮಾತ್ರ ನೆನಪಾಗಿರಲಿಲ್ಲ. ಹಿಂದಿನ ಜಗಲಿಯಲ್ಲಿ ಸ್ಪಿರಿಟ್ಟಿನ ಸೀಸೆ ಇಟ್ಟುಕೊಂಡು ಮೂರನೆಯ ಜಾಡಿಯ ಒಂದು ಮರಿಯನ್ನು ಒಳಗೆ ಬಿಟ್ಟ. ಅದು ಸುತ್ತಿದ ರೀತಿಗೆ ಅವನ ಕೈ ಹಿಂದೆ ಸರಿಯಿತು. ಮೀನು ಹಿಡಿದು ತಂದುಕೊಡುವ ಮುತ್ತ, ಎಸ್ಟೇಟಿನ ಕೂಲಿಗಳ ಲೈನಿನ ಮುದುಕ, ಬುಟ್ಟಿ ಒಯ್ಯಲು ಬಂದವನು ಅಲ್ಲೇ ನಿಂತಿದ್ದ. “ಹಂಗಲ್ಲ ಅಯ್ಯಾ. ಹಿಡಿದ ಮೇಲೆ ಒದ್ದಾಡಿಸಬಾರದು,” ಎಂದು ಕೂತು, ಇನ್ನೊಂದನ್ನು ಅಂಗೈಗೆ ತೆಗೆದುಕೊಂಡು, ತಲೆಯ ಹಿಂದೆ ಹೆಬ್ಬೆರಳಿನಿಂದ ಒತ್ತಿದ. ಟಕ್ ಎಂದಿತು. ಆಮೇಲೆ ಸೀಸೆಗೆ ಹಾಕಿದ. ಒಂಬತ್ತನ್ನೂ ಹಾಗೆಯೇ ಮಾಡಿದ, ಬೀನ್ಸಿನ ನಾರು ತೆಗೆದಂತೆ, ದ್ವೇಷವಿಲ್ಲ, ಅವಸರವಿಲ್ಲ. “ನಾವು ತಿನ್ನೋ ಮೀನಿಗೂ ಹಿಂಗೇ. ನಾಲ್ಕು ದಿನ ಯಾಕಯ್ಯಾ ಇಟ್ಕೊಂಡ್ರಿ ಇವನ್ನ?” ಎಂದ. ಮಾಯಿಲಪ್ಪನಿಗೆ ಆ ಒರಟು ಹೆಬ್ಬೆರಳು ನೋಡಿ ಹೊಟ್ಟೆಕಿಚ್ಚಾಯಿತು. ಕೊಲ್ಲುವುದಕ್ಕೂ ಒಂದು ಮರ್ಯಾದೆ ಇದೆ ಎಂದು ಈ ಮುದುಕನಿಗೆ ಗೊತ್ತು, ಎಸ್ಸೆಸ್ಸೆಲ್ಸಿ ಪಾಸಾದ ತನಗೆ ಗೊತ್ತಿಲ್ಲ. “ಸೋಮವಾರ ಮದ್ದು ಹೊಡೀತಾರಂತೆ, ನಮ್ಮ ಲೈನಿನ ಹೆಂಗಸರು ಕೇಳ್ತಿದ್ರು, ಹೊಳೆ ನೀರು ಕುಡೀಬಹುದಾ ಅಂತ,” ಎಂದ ಮುತ್ತ. ಮಾಯಿಲಪ್ಪ ಸೀಸೆಯ ಮುಚ್ಚಳ ತಿರುಗಿಸುತ್ತಾ, ತಿರುಗಿಸಿದ್ದನ್ನೇ ಮತ್ತೆ ತಿರುಗಿಸುತ್ತಾ, “ಆಫೀಸರು ಹೇಳ್ತಾರೆ,” ಎಂದ.

ಎರಡು ಗಂಟೆಯ ಬಸ್ಸಿಗೆ ವರದಿಯ ಲಕೋಟೆ ಕೊಡಬೇಕು, ಕಂಡಕ್ಟರ್ ಚೆನ್ನಯ್ಯ ಮಡಿಕೇರಿಯ ಕಚೇರಿಗೆ ಮುಟ್ಟಿಸುತ್ತಾನೆ. ಲಕೋಟೆ ಹಿಡಿದು ಹೊರಟ ಮಾಯಿಲಪ್ಪ ಸೇತುವೆಯ ಮೇಲೆ ಬೇಕೆಂದೇ ನಿಲ್ಲದೆ ನಡೆದ, ಕೆಳಗೆ ನೋಡಲಿಲ್ಲ. ಎಲ್ಲ ಬರೆದದ್ದು ನಿಜವೇ ಅಲ್ಲವೇ? ಹತ್ತು ಜೀವಂತ ಎಂದು ಬರೆದಾಗ ಹತ್ತೂ ಜೀವಂತವಾಗಿದ್ದವು. ನೀರು ಬದಲಾಯಿಸಿದ್ದೀರಾ ಎಂದು ಯಾರೂ ಕೇಳಲಿಲ್ಲ. ತೀರ್ಥ ಬಿಟ್ಟೆಯಾ ಎಂದು ಅತ್ತೆ ಕೇಳಿದಾಗ ಬಿಟ್ಟೆ ಎಂದ, ಅದು ಸುಳ್ಳು, ಒಪ್ಪಿದೆ. ಇದು ಸುಳ್ಳೇ ಅಲ್ಲ. ಇನ್ನು ಹೊಳೆ, ಹೊಳೆ ಎಂದರೆ ಜಾಡಿಯೇ? ಹರಿಯುತ್ತದೆ, ಮಳೆ ಬರುತ್ತದೆ, ಯಾರು ಕಂಡರು. ಹೀಗೆ ತನ್ನ ಪರವಾಗಿ ತಾನೇ ವಕಾಲತ್ತು ನಡೆಸುತ್ತಾ ಬಸ್ಸಿನ ಹತ್ತಿರ ಬಂದಾಗ ಬೆನ್ನೆಲ್ಲ ಬೆವರಿತ್ತು. ಚೆನ್ನಯ್ಯ ಫುಟ್‌ಬೋರ್ಡಿನಿಂದ ಕೈಚಾಚಿ, “ಎಂತ ಮಾಯಿಲಪ್ಪಣ್ಣ, ಮುಖ ಹಿಂಗ್ ಆತ್? ಲಕೋಟೆಲಿ ಎಂತ, ಕದ್ದ ಮಾಲಾ?” ಎಂದು ನಕ್ಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಮಾಯಿಲಪ್ಪ, “ಯಾರ್ ಹೇಳ್ದ?” ಎಂದುಬಿಟ್ಟ. ಬಸ್ಸಿನೊಳಗೆ ಯಾರೋ ಕಿಸಕ್ಕೆಂದರು. ಚೆನ್ನಯ್ಯ ಲಕೋಟೆ ಹಿಡಿದ. ಮಾಯಿಲಪ್ಪನ ಕೈ ಅದನ್ನು ಬಿಡಲಿಲ್ಲ. ಚೆನ್ನಯ್ಯ ಎಳೆದ, ಅವನೂ ಎಳೆದ; ಇಬ್ಬರು ಗಂಡಸರು ಹಗ್ಗಜಗ್ಗಾಟ ಆಡುವಂತೆ ಒಂದು ಕಾಗದ ಹಿಡಿದು ನಿಂತರು. “ಕೊಟ್ಟರೆ ಕೊಡಿ ಮಾರಾಯ್ರೆ, ಇಲ್ಲಾಂದ್ರೆ ಬುಡಿ, ಟೈಮ್ ಆತ್!” ಡ್ರೈವರು ಹಾರನ್ ಒತ್ತಿದ. ಕಿಟಕಿಯಲ್ಲಿದ್ದವರೆಲ್ಲ ಈಗ ಅವನನ್ನೇ ನೋಡುತ್ತಿದ್ದರು, ತಲೆ ಕೆಟ್ಟವನನ್ನು ನೋಡುವ ಹಾಗೆ. ನಾಚಿಕೆಯಿಂದ ಕಿವಿ ಕಾದು ಹೋದರೂ ಬೆರಳು ಸಡಿಲವಾಗಲಿಲ್ಲ. ಚೆನ್ನಯ್ಯನೇ ಬಿಟ್ಟ. ಬಸ್ಸು ಹೋಯಿತು, ಮೂಲೆಯಲ್ಲಿ ಹರಿದ ಲಕೋಟೆ ಮಾಯಿಲಪ್ಪನ ಕೈಯಲ್ಲೇ ಉಳಿಯಿತು.

ಆಮೇಲಿನದು ಧೈರ್ಯವಲ್ಲ, ಬಸ್ಸು ಹೋಗಿತ್ತು, ಕಾರಣ ಹೇಳಲೇಬೇಕಿತ್ತು. ಗೋಪಿನಾಥರ ಮೇಜಿನ ಮೇಲೆ ಲಕೋಟೆ ಇಟ್ಟು, “ಬುಧವಾರ ಸಂಜೆ ಮೂರನೆಯ ಜಾಡಿಗೆ ತೀರ್ಥ ಬಿಟ್ಟೆ ಸಾರ್,” ಎಂದ. ಗೋಪಿನಾಥರು ಊಟದ ಡಬ್ಬಿ ಮುಚ್ಚುತ್ತಿದ್ದವರು, “ಏನು ಬಿಟ್ಟಿರಿ?” ಎಂದರು. “ಕಾವೇರಿ ತೀರ್ಥ.” ಅವರ ಮುಖದಲ್ಲಿ ನಗು ಮೂಡಿತು. “ಅಯ್ಯೋ, ಅಷ್ಟಕ್ಕೇ ಬಸ್ಸು ತಪ್ಪಿಸಿದಿರಾ? ಎರಡು ತೊಟ್ಟು ತೀರ್ಥದಿಂದ ಏನೂ ಆಗಲ್ಲ, ನಮ್ಮಪ್ಪ ದಿನಾ ಕೊಡ್ತಾರೆ.” “ಏನೂ ಆಗಲಿಲ್ಲ ಸಾರ್. ಅದಕ್ಕೇ ನೀರು ಬದಲಾಯಿಸಿದೆ. ಎರಡು ಸಲ.” ನಗು ಹಾಗೆಯೇ ನಿಂತು, ಆಮೇಲೆ ಮೆಲ್ಲಗೆ ಆರಿಹೋಯಿತು. ಗೋಪಿನಾಥರು ಎದ್ದು ಬಾಗಿಲು ಹಾಕಿದರು. ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. “ಇದು ಹೋಗಿದ್ದರೆ,” ಎಂದರು, ಲಕೋಟೆಯ ಮೇಲೆ ಬೆರಳಿಟ್ಟು, “ಇದು ಹೋಗಿದ್ದರೆ ಹೊಳೆಯಲ್ಲಿ ಒಂದು ಮರಿ ಉಳೀತಿರಲಿಲ್ಲ ಕಣ್ರೀ. ಕೆಳಗೆ ನನ್ನ ರುಜು ಇದೆ. ನಾನೇ ಜಗಳ ಆಡಿ ತಡೆಸಿದ್ದು, ನಾನೇ ಹೊಡೀರಿ ಅಂತ ಬರೆದುಕೊಟ್ಟ ಹಾಗಾಗ್ತಿತ್ತು. ಹತ್ತು ಮೀನಿನ ಮೇಲೆ ಕನಿಕರ ನಿಮಗೆ!” ಲಕೋಟೆಯನ್ನು ಮೇಜಿನ ಒಳಗೆ ಹಾಕಿ ಅವರು, “ನಿಮ್ಮ ಕೆಲಸದ ಮಾತು ಆಮೇಲೆ. ತಡೆ ಇನ್ನೊಂದು ವಾರ ಕೇಳ್ತೇನೆ. ಮತ್ತೆ ಮಾಡಬೇಕು,” ಎಂದರು.

“ಎಪ್ಪತ್ತೂ ಬೇಡ ಸಾರ್,” ಎಂದ ಮಾಯಿಲಪ್ಪ. ತನ್ನ ಧ್ವನಿ ಅಷ್ಟು ಗಟ್ಟಿಯಾಗಿ ಬಂದದ್ದು ಅವನಿಗೇ ಆಶ್ಚರ್ಯ. “ಉಳಿದ ಜಾಡಿಗಳದ್ದು ಸರಿಯಾಗೇ ಇದೆ. ಮೂರನೆಯದು ಒಂದು, ಬರೀ ನೀರಿನದು ಒಂದು. ಇಪ್ಪತ್ತು ಸಾಕು.” ಗೋಪಿನಾಥರು ಯೋಚಿಸಿ ತಲೆಯಾಡಿಸಿದರು. ಆ ತಲೆಯಾಡಿಕೆಯಿಂದ ಇವನಿಗೆ ಇನ್ನಷ್ಟು ಬಲ ಬಂತು. “ಮತ್ತೆ ಸಾರ್, ಅಡ್ಡ ಬಿದ್ದ ಕೂಡಲೇ ಅದನ್ನು ಸತ್ತಿತು ಅಂತ ಬರೆದುಕೊಂಡು ತೆಗೆಯುವಾ. ಮುತ್ತ ಒಂದು ಕ್ಷಣದಲ್ಲಿ ಮುಗಿಸುತ್ತಾನೆ. ಕಡ್ಡಿಗೆ ಅಲ್ಲಾಡದೆ ಇರುವವರೆಗೆ ಯಾಕೆ ಕಾಯಬೇಕು? ಬಿದ್ದದ್ದು ಏಳುವುದಿಲ್ಲ.” ಇದು ನರ್ಸಿನ ಮಾತು. ಆವತ್ತು ಅಪ್ಪನ ಮುಖಕ್ಕೆ ಬಟ್ಟೆ ಎಳೆಯುತ್ತಾ, ಇವನು ಕೇಳದೆಯೇ ಹೇಳಿದ್ದಳು, ನೀವು ನೀರು ಕೊಟ್ಟಿದ್ದರೂ ಏಳುತ್ತಿರಲಿಲ್ಲ ಎಂದು. ಮೂರು ತಿಂಗಳಿಂದ ಆ ಒಂದು ಮಾತನ್ನು ಊರುಗೋಲಿನ ಹಾಗೆ ಹಿಡಿದು ಓಡಾಡುತ್ತಿದ್ದ.

ಗೋಪಿನಾಥರು ಪುಸ್ತಕ ತೆರೆದರು. “ಬುಧವಾರ ಸಂಜೆ, ನೀರು ಬದಲಾಯಿಸುವ ಮೊದಲು, ಎಷ್ಟು ಅಡ್ಡ ಬಿದ್ದಿದ್ದವು?” “ನಾಲ್ಕು ಸಾರ್.” “ಬದಲಾಯಿಸಿದ ಮೇಲೆ?” ಮಾಯಿಲಪ್ಪ ಬಾಯಿ ತೆರೆದ. “ಆ ನಾಲ್ಕು ಎದ್ದವೋ ಇಲ್ಲವೋ ಹೇಳಿ. ನೀವೇ ತಾನೇ ನೋಡಿದವರು?” “ಎದ್ದವು.” “ಮತ್ತೆ?” ಎಂದರು ಗೋಪಿನಾಥರು, ಅವರ ದನಿಯಲ್ಲಿ ಕೊಂಕಿರಲಿಲ್ಲ, ಲೆಕ್ಕದ ಮೇಷ್ಟರ ತಾಳ್ಮೆ ಇತ್ತು. “ಬಿದ್ದದ್ದು ಏಳಲ್ಲ ಅಂತ ನಾನು ಹೇಗೆ ಬರೀಲಿ? ನೀರು ಕೊಟ್ಟರೆ ಏಳ್ತವೆ ಅಂತ ನೀವೇ ತೋರಿಸಿಕೊಟ್ಟಿದ್ದೀರಲ್ಲ.”

ಮಾಯಿಲಪ್ಪ ಕೂತುಬಿಟ್ಟ, ಆಫೀಸರ ಎದುರು ಎಂದೂ ಕೂತವನಲ್ಲ. “ಏಳ್ತಿದ್ದ,” ಎಂದ. “ಏನು?” “ಕೊಟ್ಟಿದ್ದರೆ ಏಳ್ತಿದ್ದ.” “ಯಾರ ಮಾತಾಡ್ತಿದ್ದೀರಿ?” “ನನ್ನ ಅಪ್ಪ, ಸಾರ್. ಆಸ್ಪತ್ರೆಲಿ ನೀರು ಕೇಳಿದ. ಸೀಸೆ ಜೇಬಲ್ಲೇ ಇತ್ತು. ನಾನು ಬಿಡಲಿಲ್ಲ. ಬಿಟ್ಟೆ ಅಂತ ಎಲ್ಲರಿಗೂ ಹೇಳಿದೆ.” ಹೇಳುತ್ತಿದ್ದಂತೆ ಅಳು ಒಡೆಯಿತು, ಸಣ್ಣ ಹುಡುಗರ ಅಳು, ಮೂಗು ಸೋರಿ ಮೀಸೆ ಒದ್ದೆಯಾಗಿ, ನಾಚಿಕೆಗೇಡು. ಗೋಪಿನಾಥರಿಗೆ ಏನು ಮಾಡುವುದೆಂದು ತಿಳಿಯಲಿಲ್ಲ. ಭುಜದ ಮೇಲೆ ಕೈಯಿಡಲು ಹೋಗಿ, ಇಡದೆ, ಕೊನೆಗೆ ಇಟ್ಟರು. “ಮಾಯಿಲಪ್ಪ, ಮನುಷ್ಯನ ಹೊಟ್ಟೆ ಬೇರೆ, ಜಾಡಿ ಬೇರೆ,” ಎಂದರು, ಆದರೆ ಹೇಳಿದವರಿಗೂ ಅದರಲ್ಲಿ ಬಲ ಕಾಣಿಸಲಿಲ್ಲ. “ಈ ಸಲ ನೀವು ಮನೆಗೆ ಹೋಗಿ. ನಾಲ್ಕು ದಿನ ಜಾಡಿ ಹತ್ತಿರ ನಾನು ಕೂರ್ತೇನೆ.”

“ಬೇಡ,” ಎಂದ ಮಾಯಿಲಪ್ಪ, ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು. “ನಾನೇ ಕೂರ್ತೇನೆ.” ಆಮೇಲೆ ಎದ್ದು, ಖಾಲಿ ಜಾಡಿಯನ್ನು ತೊಳೆದು, ಕವುಚಿಟ್ಟು, ಹೊಳೆಯ ಕಡೆ ನಡೆದ. ಮುತ್ತ ಮೊಳಕಾಲುದ್ದ ನೀರಿನಲ್ಲಿ ನಿಂತು ಬುಟ್ಟಿ ತೊಳೆಯುತ್ತಿದ್ದ. ದಡದಿಂದಲೇ, “ಮುತ್ತ, ನಾಳೆಗೆ ಇನ್ನೂ ಇಪ್ಪತ್ತು ಗೆಂಡೆ ಮರಿ ಬೇಕು,” ಎಂದ.

“ಮತ್ತೂ ಎಂತಕ್ಕಯ್ಯಾ?”

“ಹತ್ತು ಸುಮ್ಮನೆ ನೋಡಲಿಕ್ಕೆ,” ಎಂದ ಮಾಯಿಲಪ್ಪ. “ಹತ್ತು ಸಾಯಿಸಲಿಕ್ಕೆ.”

ಮುದುಕ ಅವನ ಮುಖವನ್ನು ಒಂದು ಗಳಿಗೆ ನೋಡಿದ. ಸಣ್ಣ ಕಣ್ಣಿನ ಬಲೆ ತರಲು ದಡ ಹತ್ತಿದ.